‘ಕರೆಂಟ್’ ಎಂಬ ಮಾತು

ಇಂಗ್ಲಿಷಿನಿಂದ ಬಂದು ಕನ್ನಡಿಗರ ಮನೆಮಾತಾಗಿರುವ ಪದಗಳಲ್ಲಿ ‘ಕರೆಂಟ್’ ಎಂಬುದು ಮುಖ್ಯವಾದುದು. ಅಕ್ಷರ ಬಾರದವರೂ ಅದನ್ನು ಬಲ್ಲರು. ಊರಿನ ದೀಪಗಳೆಲ್ಲ ಆರಿದರೆ ‘ಕರೆಂಟ್ ಹೋಯಿತು’ ಎನ್ನುತ್ತೇವೆ. ತಿಂಗಳಿಗೊಮ್ಮೆ ‘ಕರೆಂಟ್ ಬಿಲ್ಲು’ ಕಟ್ಟುತ್ತೇವೆ. ತಂತಿ ಸೋಕಿದರೆ ‘ಕರೆಂಟ್ ಹೊಡೆಯಿತು’ ಎನ್ನುತ್ತೇವೆ. ಮಾತು ಒಂದೇ ಆದರೂ ಅದು ಸೂಚಿಸುವ ವಿಷಯಗಳು ಮೂರು. ಮೊದಲನೆಯ ವಾಕ್ಯದಲ್ಲಿ ಹೋದದ್ದು ತಂತಿಗಳ ನಡುವಣ ವೋಲ್ಟೇಜು. ಎರಡನೆಯದರಲ್ಲಿ ನಾವು ಬೆಲೆ ತೆತ್ತದ್ದು ಶಕ್ತಿಗೆ. ಮೂರನೆಯದರಲ್ಲಿ ಮಾತ್ರ, ದೇಹದ ಮೂಲಕ ಹರಿದದ್ದು ನಿಜವಾಗಿಯೂ ಕರೆಂಟು.

ಇಂಗ್ಲಿಷಿನಲ್ಲಿ ಈ ಪದಕ್ಕೆ ಹರಿವು ಎಂದು ಅರ್ಥ. ‘ಓಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಅದು ಹುಟ್ಟಿದೆ. ನದಿಯ ಹರಿವಿಗೂ ಇದೇ ಹೆಸರು. ವಿದ್ಯುತ್ತಿನ ವಿಷಯದಲ್ಲಿ, ಹರಿವೇ ಬೇರೆ, ಹರಿಯುವಂತೆ ಮಾಡುವ ಒತ್ತಡವೇ ಬೇರೆ ಎಂದು 1820ರಲ್ಲಿ ವಿಂಗಡಿಸಿ ತೋರಿಸಿದವನು ಫ್ರಾನ್ಸಿನ ಆಂಪಿಯರ್. ಅವನ ಹೆಸರೇ ಇಂದು ಹರಿವಿನ ಅಳತೆಗೆ ನಿಂತಿದೆ. ಒಂದು ಆಂಪಿಯರ್ ಎಂದರೆ, ತಂತಿಯ ಯಾವುದೇ ಒಂದು ಸ್ಥಳವನ್ನು ಸೆಕೆಂಡಿಗೆ ಸುಮಾರು 62 ಸಾವಿರ ಕೋಟಿ ಕೋಟಿ ಇಲೆಕ್ಟ್ರಾನುಗಳು ಹೊರುವಷ್ಟು ವಿದ್ಯುದಂಶ ಹಾದುಹೋಗುವುದು. 2019ರಿಂದ ಈ ಮಾನವನ್ನು ಇಲೆಕ್ಟ್ರಾನಿನ ವಿದ್ಯುದಂಶದ ಆಧಾರದ ಮೇಲೆಯೇ ನಿರ್ಣಯಿಸಲಾಗಿದೆ.

ಹರಿವು ಖರ್ಚಾಗುವ ಪದಾರ್ಥವಲ್ಲ. ಒಂದು ತಂತಿಯಲ್ಲಿ ಎಷ್ಟು ಪ್ರವಾಹ ದೀಪವನ್ನು ಪ್ರವೇಶಿಸುವುದೋ ಅಷ್ಟೇ ಪ್ರವಾಹ ಇನ್ನೊಂದು ತಂತಿಯಲ್ಲಿ ಹಿಂದಿರುಗುವುದು. 230 ವೋಲ್ಟಿನಲ್ಲಿ ಉರಿಯುವ 60 ವ್ಯಾಟಿನ ಬಲ್ಬಿಗೆ ಬರುವುದೂ ಸುಮಾರು 0.26 ಆಂಪಿಯರ್, ಅದರಿಂದ ಮರಳುವುದೂ ಅಷ್ಟೇ. ಹಾಗಾದರೆ ನಾವು ಹಣ ಕೊಡುವುದು ಯಾವುದಕ್ಕೆ? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒಯ್ದ ಸಂಗತಿಯನ್ನು ವಾಚಕರು ಬಲ್ಲರು. ಅಲ್ಲಿ ಚಕ್ರಗಳನ್ನು ತಿರುಗಿಸಿದುದರಿಂದ ಕಾವೇರಿಯ ನೀರೇನೂ ಕಡಮೆಯಾಗಲಿಲ್ಲ; ಅದು ಕೆಳಗಿನ ಪಾತ್ರವನ್ನು ಸೇರಿ ಮುಂದೆ ಹರಿಯಿತು. ವ್ಯಯವಾದದ್ದು ಎತ್ತರದಿಂದ ಬೀಳುವಾಗ ನೀರು ಕೊಟ್ಟ ಶಕ್ತಿ. ಮನೆಯ ಮೀಟರು ಎಣಿಸುವುದೂ ಶಕ್ತಿಯನ್ನೇ. ಅದರ ಒಂದು ‘ಯೂನಿಟ್’ ಎಂದರೆ ಸಾವಿರ ವ್ಯಾಟಿನ ಉಪಕರಣವೊಂದು ಒಂದು ಗಂಟೆ ಕಾಲ ಬಳಸುವ ಶಕ್ತಿ.

ಇದು ಪಂಡಿತರ ಕೂದಲು ಸೀಳುವ ಚರ್ಚೆ ಎಂದು ಕೆಲವರು ಆಕ್ಷೇಪಿಸಬಹುದು. ಬಳಕೆಯೇ ಮಾತಿನ ಒಡೆಯನಲ್ಲವೇ ಎಂದು ಕೇಳಬಹುದು. ಒಪ್ಪುತ್ತೇವೆ. ದೀಪ ಆರಿದಾಗ ‘ವಿಭವಾಂತರವು ಶೂನ್ಯವಾಯಿತು’ ಎಂದು ಯಾರೂ ಕೂಗಬೇಕಾಗಿಲ್ಲ. ಆದರೆ ಮಾತಿನ ಗೊಂದಲವು ಪ್ರಾಣಕ್ಕೆ ಎರವಾಗುವ ಕಡೆ ಸುಮ್ಮನಿರುವುದು ಸರಿಯಲ್ಲ.

‘ಸ್ವಿಚ್ಚು ಆರಿಸಿದೆ, ಬಲ್ಬು ಉರಿಯುತ್ತಿಲ್ಲ, ಆದುದರಿಂದ ಕರೆಂಟಿಲ್ಲ’ ಎಂದು ನಂಬಿ ಹೋಲ್ಡರಿಗೆ ಕೈಹಾಕುವವರುಂಟು. ಬಲ್ಬಿನಲ್ಲಿ ಪ್ರವಾಹವಿಲ್ಲವೆಂಬುದು ನಿಜವೇ. ಆದರೆ ತಿಳಿಯದವರು ಸ್ವಿಚ್ಚನ್ನು ಫೇಸ್ ತಂತಿಗೆ ಬದಲಾಗಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ, ಬಲ್ಬು ಆರಿದ ಮೇಲೆಯೂ ಹೋಲ್ಡರಿನಲ್ಲಿ 230 ವೋಲ್ಟು ಕಾದಿರುತ್ತದೆ. ಮುಟ್ಟಿದವನ ದೇಹವೇ ನೆಲಕ್ಕೆ ದಾರಿಯಾಗಿ, ಅದುವರೆಗೆ ಇಲ್ಲದಿದ್ದ ಪ್ರವಾಹವು ಆಗ ಹರಿಯತೊಡಗುತ್ತದೆ. ಮಳೆಗಾಳಿಗೆ ಹರಿದು ಗದ್ದೆಯ ಬದುವಿನ ಮೇಲೆ ಬಿದ್ದ ತಂತಿಯೂ ಹೀಗೆಯೇ. ಕಿಡಿ ಇಲ್ಲ, ಸದ್ದಿಲ್ಲ ಎಂದಮಾತ್ರಕ್ಕೆ ಅದು ನಿರ್ಜೀವವಲ್ಲ. ಕರೆಂಟ್ ಹರಿಯದ ತಂತಿಯೂ ಕೊಲ್ಲಬಲ್ಲದು ಎಂಬ ಈ ಸಂಗತಿಯನ್ನು, ಹರಿವಿಗೂ ಒತ್ತಡಕ್ಕೂ ಒಂದೇ ಹೆಸರಿಟ್ಟುಕೊಂಡವನಿಗೆ ತಿಳಿಯಹೇಳುವುದು ಹೇಗೆ?

ಇನ್ನು ರಕ್ಷಣೋಪಾಯದ ಮಾತು. ಮನೆಯಲ್ಲಿ ಫ್ಯೂಸೋ ಎಂ.ಸಿ.ಬಿ.ಯೋ ಇದ್ದರೆ ಭಯವಿಲ್ಲವೆಂಬ ಭಾವನೆ ವ್ಯಾಪಕವಾಗಿದೆ. ಅವು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 6 ಆಂಪಿಯರಿನ ಎಂ.ಸಿ.ಬಿ.ಯು ಅದಕ್ಕಿಂತ ಹೆಚ್ಚಿನ ಪ್ರವಾಹ ಹರಿದಾಗ ಕೆಲಸಮಾಡುತ್ತದೆ. ಮನುಷ್ಯನಿಗಾದರೋ ಒಂದು ಆಂಪಿಯರಿನ ನೂರನೆಯ ಒಂದು ಭಾಗದಷ್ಟು ಪ್ರವಾಹ ಹರಿದರೆ ಸ್ನಾಯುಗಳು ಸೆಟೆದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದೆ ಹೋಗಬಹುದು. ಹತ್ತನೆಯ ಒಂದು ಭಾಗ ಕ್ಷಣಕಾಲ ಎದೆಯ ಮೂಲಕ ಹರಿದರೂ ಹೃದಯದ ಬಡಿತ ಕೆಡಬಹುದು. ಇಂತಹ ಅಲ್ಪ ಪ್ರವಾಹವು ಎಂ.ಸಿ.ಬಿ.ಯ ಗಮನಕ್ಕೇ ಬರುವುದಿಲ್ಲ.

ಮನುಷ್ಯನನ್ನು ಕಾಯಲು ಇರುವ ಸಾಧನ ಬೇರೆ. ಅದನ್ನು ಇ.ಎಲ್.ಸಿ.ಬಿ. ಎಂದೂ ಆರ್.ಸಿ.ಸಿ.ಬಿ. ಎಂದೂ ಅಂಗಡಿಗಳಲ್ಲಿ ಕರೆಯುತ್ತಾರೆ. ಮನೆಯೊಳಕ್ಕೆ ಹೋದ ಪ್ರವಾಹವೆಷ್ಟು, ಹಿಂದಿರುಗಿದ ಪ್ರವಾಹವೆಷ್ಟು ಎಂದು ಅದು ಸದಾ ಹೋಲಿಸಿ ನೋಡುತ್ತಿರುತ್ತದೆ. ಎರಡೂ ಸಮವಾಗಿದ್ದರೆ ಸುಮ್ಮನಿರುತ್ತದೆ. ಒಂದಿಷ್ಟು ಪ್ರವಾಹ ಯಾರದೋ ದೇಹದ ಮೂಲಕ ನೆಲಕ್ಕೆ ಸೋರಿ ವ್ಯತ್ಯಾಸವುಂಟಾದರೆ, ನಿಮಿಷಾರ್ಧವೂ ಬೇಡ, ಸೆಕೆಂಡಿನ ಅಲ್ಪ ಭಾಗದೊಳಗೆ ಸಂಪರ್ಕವನ್ನು ಕಡಿದುಹಾಕುತ್ತದೆ. ಮನೆಗಳಿಗೆ ಸಾಮಾನ್ಯವಾಗಿ ಸೂಚಿಸುವ ಸಾಧನಕ್ಕೆ 30 ಮಿಲಿಆಂಪಿಯರ್, ಎಂದರೆ 0.03 ಆಂಪಿಯರಿನಷ್ಟು ವ್ಯತ್ಯಾಸ ಸಾಕು. ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಹಿಡಿದವನನ್ನು ಅದು ರಕ್ಷಿಸಲಾರದು. ಆಗ ಹೋದಷ್ಟೇ ಹಿಂದಿರುಗುತ್ತಿರುತ್ತದೆ. ಹಾಗಿದ್ದರೂ ಅದರ ಉಪಕಾರ ದೊಡ್ಡದು. ಕರೆಂಟ್ ಖರ್ಚಾಗುವುದಿಲ್ಲ, ಹೋದಷ್ಟೂ ಮರಳುತ್ತದೆ ಎಂಬ ತತ್ತ್ವವೇ ಈ ಸಾಧನದ ಜೀವಾಳ. ನಮ್ಮ ನಿತ್ಯದ ಮಾತು ಮರೆಸಿರುವುದೂ ಇದೇ ತತ್ತ್ವವನ್ನು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಮನೆಯ ಮಾತಿನಲ್ಲಿ ‘ಕರೆಂಟ್’ ಹಾಯಾಗಿರಲಿ. ಶಾಲೆಯ ಪಾಠದಲ್ಲಿ, ಪತ್ರಿಕೆಯ ವರದಿಯಲ್ಲಿ, ಕಂಬಗಳ ಮೇಲಣ ಎಚ್ಚರಿಕೆಯ ಬರಹದಲ್ಲಿ ಮಾತ್ರ ಆಂಪಿಯರಿನಲ್ಲಿ ಅಳೆಯುವುದನ್ನು ಪ್ರವಾಹವೆಂದೂ, ವೋಲ್ಟಿನಲ್ಲಿ ಅಳೆಯುವುದನ್ನು ವೋಲ್ಟೇಜ್ ಎಂದೂ, ಯೂನಿಟ್ಟಿನಲ್ಲಿ ಅಳೆಯುವುದನ್ನು ಶಕ್ತಿಯೆಂದೂ ಬೇರೆಬೇರೆಯಾಗಿ ಹೇಳಲಿ. ಉಪಾಧ್ಯಾಯರು ಮೀಟರನ್ನೂ ಎಂ.ಸಿ.ಬಿ.ಯನ್ನೂ ತೋರಿಸಿ, ಯಾವುದು ಏನನ್ನು ಅಳೆಯುತ್ತದೆ, ಯಾವುದು ಯಾರನ್ನು ಕಾಯುತ್ತದೆ ಎಂದು ಮಕ್ಕಳನ್ನೇ ಕೇಳಲಿ. ‘ಕರೆಂಟಿಲ್ಲ, ಮುಟ್ಟು’ ಎಂದು ಹಿರಿಯರು ಹೇಳಿದಾಗ ‘ಮೆಯಿನ್ ಸ್ವಿಚ್ಚು ಆರಿಸಿದ್ದೀರಾ?’ ಎಂದು ಮರುಪ್ರಶ್ನೆ ಹಾಕುವ ಹುಡುಗಿಯೊಬ್ಬಳು ಪ್ರತಿ ಮನೆಯಲ್ಲಿಯೂ ಬೆಳೆದರೆ ಈ ಪದವಿಚಾರ ಸಾರ್ಥಕವಾಯಿತೆಂದು ಭಾವಿಸುವೆವು.