ಪ್ರಾಣದ ಬೆಲೆ, ಮಾತಿನ ಬಲ

ಮನುಷ್ಯನ ಪ್ರಾಣಕ್ಕೆ ಬೆಲೆ ಕಟ್ಟಲಾಗದು ಎಂಬ ಮಾತನ್ನು ಒಪ್ಪದವರು ವಿರಳ. ಆದರೂ ಆ ಪ್ರಾಣಕ್ಕೆ ಬೆಲೆ ಕಟ್ಟಿ, ಲೆಕ್ಕದ ಪುಸ್ತಕದಲ್ಲಿ ಬರೆದು, ಸಂತೆಯಲ್ಲಿ ಮಾರಿದ ಕಾಲವೊಂದಿತ್ತು. ಅಂಥ ಕಾಲದಲ್ಲಿ ‘ಮನುಷ್ಯನು ಸರಕಲ್ಲ’ ಎಂದು ಲೋಕವನ್ನು ಒಪ್ಪಿಸುವುದು ಹೇಗೆ? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಾದವಿವಾದವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

1781ರಲ್ಲಿ ‘ಜಾಂಗ್’ ಎಂಬ ಹಡಗು ಆಫ್ರಿಕದ ಜನರನ್ನು ಗುಲಾಮರನ್ನಾಗಿ ಜಮೈಕಾ ದ್ವೀಪಕ್ಕೆ ಸಾಗಿಸುತ್ತಿತ್ತು. ಕುಡಿಯುವ ನೀರು ಸಾಲದೆಂಬ ಕಾರಣವೊಡ್ಡಿ ಹಡಗಿನವರು 130ಕ್ಕೂ ಹೆಚ್ಚು ಮಂದಿಯನ್ನು ಸಮುದ್ರಕ್ಕೆ ಎಸೆದರು. ಅನಂತರ ಮಾಲೀಕರು ಹೀಗೆ ಸತ್ತವರಲ್ಲಿ ತಲೆಗೆ 30 ಪೌಂಡಿನಂತೆ ವಿಮೆಯ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆದುದು ಕೊಲೆಯನ್ನು ಕುರಿತಲ್ಲ, ನಷ್ಟವನ್ನು ಕುರಿತು. ಕೊಲೆಗಾಗಿ ಯಾರೊಬ್ಬರಿಗೂ ಶಿಕ್ಷೆಯಾಗಲಿಲ್ಲ.

ಈ ಲೆಕ್ಕದ ಭಾಷೆಯನ್ನು ಎದುರಿಸಲು ಹೊರಟವರು ಮೂರು ಬಗೆಯ ಮಾರ್ಗಗಳನ್ನು ಹಿಡಿದರು. ಮೊದಲನೆಯದು ಅಂಕಿ ಅಂಶಗಳ ಮಾರ್ಗ. ಗುಲಾಮರ ವ್ಯಾಪಾರವನ್ನು ನಿಲ್ಲಿಸಲು 1787ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಘದ ಥಾಮಸ್ ಕ್ಲಾರ್ಕ್‌ಸನ್ನರು ಬ್ರಿಸ್ಟಲ್, ಲಿವರ್‌ಪೂಲ್ ಬಂದರುಗಳಲ್ಲಿ ಅಲೆದು ನಾವಿಕರ ಹೆಸರಿನ ಪಟ್ಟಿಗಳನ್ನು ಪರಿಶೀಲಿಸಿದರು. ಈ ವ್ಯಾಪಾರವು ದೇಶದ ನೌಕಾಬಲಕ್ಕೆ ನಾವಿಕರನ್ನು ತಯಾರಿಸುವ ಶಾಲೆಯೆಂದು ವ್ಯಾಪಾರಿಗಳು ಸಾರುತ್ತಿದ್ದರು. ಅದು ಶಾಲೆಯಲ್ಲ, ನಾವಿಕರ ಮಸಣವೆಂದು ಕ್ಲಾರ್ಕ್‌ಸನ್ನರು ಹಡಗುಗಳ ದಾಖಲೆಗಳಿಂದಲೇ ತೋರಿಸಿಕೊಟ್ಟರು. ಕರುಣೆಯಿಲ್ಲದವನೂ ಕಿವಿಗೊಡಬೇಕಾದ ವಾದವಿದು. ಆದರೆ ಇದರಲ್ಲಿ ಒಂದು ಕೊರತೆಯುಂಟು. ಬಿಳಿಯ ನಾವಿಕರು ಸಾಯದಿದ್ದ ಪಕ್ಷದಲ್ಲಿ ಈ ವ್ಯಾಪಾರ ನ್ಯಾಯವಾಗುತ್ತಿತ್ತೇ?

ಎರಡನೆಯದು ಚಿತ್ರದ ಮಾರ್ಗ. 1787ರಲ್ಲಿ ಕುಂಬಾರಿಕೆಯ ಉದ್ಯಮಿ ಜೋಸಯ್ಯ ವೆಜ್‌ವುಡ್ಡರು ಒಂದು ಪದಕವನ್ನು ಮಾಡಿಸಿದರು. ಸಂಕೋಲೆ ತೊಟ್ಟು ಮಂಡಿಯೂರಿದ ಆಫ್ರಿಕದವನೊಬ್ಬ ತಾನೂ ಮನುಷ್ಯನಲ್ಲವೇ, ಸೋದರನಲ್ಲವೇ ಎಂದು ಕೇಳುವ ಪದಕವದು. ಮರುವರ್ಷ ‘ಬ್ರೂಕ್ಸ್’ ಎಂಬ ಹಡಗಿನ ನಕ್ಷೆ ಪ್ರಕಟವಾಯಿತು. ಕಾನೂನು ಆ ಹಡಗಿಗೆ 454 ಗುಲಾಮರನ್ನು ತುಂಬಲು ಅನುಮತಿಸಿತ್ತು. ಹಡಗಿನಲ್ಲಿ ಜನರನ್ನು ಸೌದೆಯಂತೆ ಒತ್ತೊತ್ತಾಗಿ ಹೊಂದಿಸುವ ಬಗೆಯನ್ನು ನಕ್ಷೆ ತೋರಿಸಿತು. ಅಂಕಿಗಳು ಹೇಳಲಾರದ ಕ್ರೌರ್ಯವನ್ನು ಕಣ್ಣು ಒಂದು ಕ್ಷಣದಲ್ಲಿ ಗ್ರಹಿಸಿತು. ಆದರೆ ಪದಕದ ಮನುಷ್ಯ ಮಂಡಿಯೂರಿ ಬೇಡುತ್ತಾನೆ. ನಕ್ಷೆಯ ಮನುಷ್ಯರಿಗೆ ಹೆಸರಿಲ್ಲ, ದನಿಯಿಲ್ಲ.

ಆ ದನಿ ಕೇಳಿಬಂದುದು ಮೂರನೆಯ ಮಾರ್ಗದಲ್ಲಿ. ಒಲೌಡ ಇಕ್ವಿಯಾನೊ ಎಂಬವರು ಗುಲಾಮರಾಗಿದ್ದು, ಕೂಡಿಟ್ಟ ಹಣದಿಂದ 1766ರಲ್ಲಿ ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡವರು. ಜಾಂಗ್ ಹಡಗಿನ ಸುದ್ದಿಯನ್ನು 1783ರಲ್ಲಿ ಗ್ರ್ಯಾನ್‌ವಿಲ್ ಶಾರ್ಪ್ ಎಂಬ ಸುಧಾರಕರಿಗೆ ಮುಟ್ಟಿಸಿದವರೂ ಇವರೇ. 1789ರಲ್ಲಿ ಇವರು ಆತ್ಮಕಥೆಯನ್ನು ಪ್ರಕಟಿಸಿ, ಊರೂರು ಸುತ್ತಿ ತಮ್ಮ ಅನುಭವವನ್ನು ಹೇಳಿದರು. ಅವರು ದಯೆಯನ್ನು ಬೇಡಲಿಲ್ಲ, ಸಾಕ್ಷ್ಯ ನುಡಿದರು. ತಮ್ಮಂತೆಯೇ ಯೋಚಿಸುವ, ನಗುವ, ನೋಯುವ ಒಬ್ಬ ಮನುಷ್ಯನನ್ನು ಓದುಗರು ಆ ಪುಟಗಳಲ್ಲಿ ಕಂಡರು.

ಈ ಮೂರರಲ್ಲಿ ಮೂರನೆಯದೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ಒಬ್ಬರ ಅನುಭವದಿಂದ ಶಾಸನ ರೂಪುಗೊಳ್ಳದು, ಅದಕ್ಕೆ ಅಂಕಿಗಳೇ ಬೇಕು ಎಂದು ಕೆಲವರು ಆಕ್ಷೇಪಿಸಬಹುದು. ಆ ಮಾತಿನಲ್ಲಿ ಸತ್ಯವಿದೆ. 1807ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದುದರ ಹಿಂದೆ ಮೂರು ಮಾರ್ಗಗಳ ದುಡಿಮೆಯೂ ಇತ್ತು. ಆದರೆ ಲೆಕ್ಕದ ಭಾಷೆ ಮಾತ್ರ ಉಳಿದರೆ ಏನಾದೀತು ಎಂಬುದಕ್ಕೂ ಇತಿಹಾಸವೇ ಸಾಕ್ಷಿ. ತನ್ನ ಬಹುಪಾಲು ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದುಗೊಳಿಸುವ ಶಾಸನವನ್ನು ಬ್ರಿಟನ್ 1833ರಲ್ಲಿ ಮಾಡಿತು. ಆಗ ಅದು ಪರಿಹಾರಕ್ಕೆಂದು ಮೀಸಲಿಟ್ಟ ಹಣ 2 ಕೋಟಿ ಪೌಂಡು. ಆ ಹಣ ಸಂದುದು ಗುಲಾಮರ ಒಡೆಯರಿಗೆ; ಬಿಡುಗಡೆ ಪಡೆದವರಿಗೆ ಒಂದು ಕಾಸೂ ದೊರೆಯಲಿಲ್ಲ.

ಆದುದರಿಂದ ಮನುಷ್ಯರ ಅಳಿವು ಉಳಿವನ್ನು ಕುರಿತ ವಾದವನ್ನು ಕೇಳುವಾಗ ನಾವು ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಈ ವಾದವು ಮನುಷ್ಯನನ್ನು ಸಂಖ್ಯೆಯೆಂದು ಎಣಿಸುತ್ತಿದೆಯೋ, ವ್ಯಕ್ತಿಯೆಂದು ಕಾಣುತ್ತಿದೆಯೋ? ಯಾರ ಪ್ರಾಣದ ಮಾತು ನಡೆದಿದೆಯೋ ಅವರಿಗೆ ಮಾತನಾಡಲು ಅವಕಾಶ ದೊರೆತಿದೆಯೋ, ಇಲ್ಲವೋ? ಈ ಪ್ರಶ್ನೆಗಳನ್ನು ಕೇಳುವ ಕಿವಿಗೆ ಜಾಣಮಾತು ಬೇರೆ, ನ್ಯಾಯದ ಮಾತು ಬೇರೆ ಎಂಬುದು ತಿಳಿಯದೆ ಇರದು.