ಡಬ್ಬಿ ತರಕಾರಿ ಮತ್ತು ಪೊಟ್ಟಣದ ಹಣ್ಣಿನ ರಸ: ಪೌಷ್ಟಿಕಾಂಶಗಳ ತುಲನೆ ಹಾಗೂ ಗ್ರಾಹಕರಿಗೆ ಮಾಹಿತಿ

1. ಹಿನ್ನೆಲೆ

ಸಾಂದ್ರೀಕರಿಸಿದ ರಸಕ್ಕೆ ಅಥವಾ ಹಣ್ಣಿನ ತಿರುಳಿಗೆ ನೀರು ಬೆರೆಸಿ ತಯಾರಿಸಿದ ಹಣ್ಣಿನ ರಸದ ಲೇಬಲ್ ಹಾಗೂ ಜಾಹೀರಾತುಗಳಿಂದ ‘ಶೇ. 100 ಹಣ್ಣಿನ ರಸ’ ಎಂಬ ಘೋಷಣೆಯನ್ನು ತೆಗೆದುಹಾಕುವಂತೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಜೂನ್ ತಿಂಗಳಿನಲ್ಲಿ ತಯಾರಕರಿಗೆ ನಿರ್ದೇಶನ ನೀಡಿತು. ಮೊದಲೇ ಮುದ್ರಿತವಾಗಿದ್ದ ಪೊಟ್ಟಣಗಳನ್ನು 2024ರ ಸೆಪ್ಟೆಂಬರ್ 1ರೊಳಗೆ ಬಳಸಿ ಮುಗಿಸುವಂತೆಯೂ ಸೂಚಿಸಲಾಗಿತ್ತು. ಇಂತಹ ಘೋಷಣೆಗೆ ನಿಯಮಗಳಲ್ಲಿ ಅವಕಾಶವಿಲ್ಲವೆಂಬುದು ಪ್ರಾಧಿಕಾರವು ನೀಡಿದ ಕಾರಣ. 2025ರ ಮೇ ತಿಂಗಳಿನಲ್ಲಿ ಪ್ರಾಧಿಕಾರವು ಮತ್ತೊಂದು ಸಲಹಾಪತ್ರ ಹೊರಡಿಸಿ, ಆಹಾರ ಪದಾರ್ಥಗಳ ಲೇಬಲ್ ಮತ್ತು ಪ್ರಚಾರದಲ್ಲಿ ‘ಶೇ. 100’ ಎಂಬ ಪದವನ್ನು ಬಳಸದಿರಲು ತಿಳಿಸಿತು.

ಹಣ್ಣಿನ ರಸವು ಆರೋಗ್ಯಕರ, ಡಬ್ಬಿಯಲ್ಲಿ ಬರುವ ತರಕಾರಿಯು ನಿಸ್ಸಾರ ಎಂಬ ಭಾವನೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ರೋಗಿಗಳನ್ನು ನೋಡಲು ಹೋಗುವಾಗಲೂ ಮಕ್ಕಳ ಶಾಲಾ ಚೀಲಕ್ಕೂ ರಸದ ಪೊಟ್ಟಣವನ್ನೇ ಕೊಳ್ಳಲಾಗುತ್ತದೆ. ಸದರಿ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಅಂಕಿಅಂಶಗಳ ತುಲನೆ

ನೀರು ಬಸಿದ 100 ಗ್ರಾಂ ಡಬ್ಬಿ ಬಟಾಣಿಯಲ್ಲಿ ಸುಮಾರು 4 ಗ್ರಾಂ ಪ್ರೋಟೀನ್ ಮತ್ತು 4 ಗ್ರಾಂಗಿಂತ ಹೆಚ್ಚು ನಾರಿನಂಶವಿರುತ್ತದೆ. ಸಕ್ಕರೆ ಬೆರೆಸದ 100 ಮಿ.ಲೀ. ಕಿತ್ತಳೆ ರಸದಲ್ಲಿ ಪ್ರೋಟೀನ್ 1 ಗ್ರಾಂಗಿಂತ ಕಡಿಮೆ, ನಾರಿನಂಶ ನಾಮಮಾತ್ರ, ಸಕ್ಕರೆ 8 ಗ್ರಾಂಗೂ ಹೆಚ್ಚು. ಇದು ಹಣ್ಣಿನದೇ ಸಕ್ಕರೆಯಾದರೂ, ಹಣ್ಣನ್ನು ಹಿಂಡಿ ನಾರನ್ನು ಬೇರ್ಪಡಿಸಿದ ಮೇಲೆ ಅದು ಬೇಗನೆ ರಕ್ತ ಸೇರುತ್ತದೆ. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಮಿತಿಗೊಳಪಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ದಿನಕ್ಕೆ 2000 ಕಿಲೋ ಕ್ಯಾಲೊರಿ ಆಹಾರ ಸೇವಿಸುವ ವಯಸ್ಕರಿಗೆ ಈ ಮಿತಿಯು 50 ಗ್ರಾಂ. 25 ಗ್ರಾಂಗೆ ಇಳಿಸಿದಲ್ಲಿ ಇನ್ನೂ ಉತ್ತಮ. 200 ಮಿ.ಲೀ. ರಸದ ಒಂದೇ ಪೊಟ್ಟಣದಿಂದ ಸುಮಾರು 17 ಗ್ರಾಂ ಖರ್ಚಾಗುತ್ತದೆ.

ರಸದ ಜಮೆಯಲ್ಲಿರುವುದು ಮುಖ್ಯವಾಗಿ ‘ಸಿ’ ಜೀವಸತ್ವ. 100 ಮಿ.ಲೀ. ಕಿತ್ತಳೆ ರಸದಲ್ಲಿ ಇದು 30 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ದೊರೆಯುತ್ತದೆ. ಹಸಿ ಬಟಾಣಿಯಲ್ಲಿ ಸುಮಾರು 40 ಮಿ.ಗ್ರಾಂ ಇರುವ ಇದೇ ಜೀವಸತ್ವವು, ಡಬ್ಬಿಯಲ್ಲಿ ಹೆಚ್ಚು ಉಷ್ಣತೆಗೆ ಒಳಪಡುವುದರಿಂದ ಸುಮಾರು 10 ಮಿ.ಗ್ರಾಂಗೆ ಇಳಿಯುತ್ತದೆ. ನಾರು, ಪ್ರೋಟೀನ್ ಮತ್ತು ಖನಿಜಾಂಶಗಳು ಬಹುಪಾಲು ಉಳಿಯುತ್ತವೆ.

ಡಬ್ಬಿ ತರಕಾರಿಯ ದೋಷವೆಂದರೆ ಉಪ್ಪು. ಉಪ್ಪುನೀರಿನಲ್ಲಿ ತುಂಬಿದ 100 ಗ್ರಾಂ ಬಟಾಣಿಯಲ್ಲಿ ಸುಮಾರು 250 ಮಿ.ಗ್ರಾಂ ಸೋಡಿಯಂ ಇರಬಹುದು. ವಯಸ್ಕರಿಗೆ ದಿನದ ಮಿತಿ 2000 ಮಿ.ಗ್ರಾಂ. ಡಬ್ಬಿಯ ನೀರನ್ನು ಚೆಲ್ಲಿ, ತರಕಾರಿಯನ್ನು ಶುದ್ಧ ನೀರಿನಲ್ಲಿ ತೊಳೆದು, ಅಡುಗೆಗೆ ಉಪ್ಪನ್ನು ಕಡಿಮೆ ಹಾಕಿದಲ್ಲಿ ಈ ಹೊರೆಯನ್ನು ತಗ್ಗಿಸಬಹುದು. ರಸದ ಸಕ್ಕರೆಯನ್ನು ಹೀಗೆ ತೊಳೆದು ತೆಗೆಯಲು ಬರುವುದಿಲ್ಲ.

3. ನಿಷ್ಕರ್ಷೆ

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯು ಡಬ್ಬಿ ತರಕಾರಿಯನ್ನು ದಿನದ ತರಕಾರಿ ಪ್ರಮಾಣಕ್ಕೆ ಲೆಕ್ಕ ಹಿಡಿಯುತ್ತದೆ. ಹಣ್ಣಿನ ರಸವನ್ನು ಎಷ್ಟು ಕುಡಿದರೂ ಒಂದೇ ಪಾಲೆಂದು ಪರಿಗಣಿಸಿ, ದಿನಕ್ಕೆ 150 ಮಿ.ಲೀ. ಮೀರದಂತೆ ಸಲಹೆ ಮಾಡುತ್ತದೆ. ಒಂದು ವರ್ಷದೊಳಗಿನ ಶಿಶುಗಳಿಗೆ ರಸ ಕೊಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2017ರಲ್ಲಿ ತಿಳಿಸಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ರಸಕ್ಕಿಂತ ಇಡೀ ಹಣ್ಣಿಗೆ ಆದ್ಯತೆ ನೀಡಿದೆ.

ಆದುದರಿಂದ ತಾಜಾ ತರಕಾರಿ ಮತ್ತು ಇಡೀ ಹಣ್ಣು ಮೊದಲ ಆಯ್ಕೆ. ಅವು ದೊರೆಯದಾಗ, ಊಟದ ಭಾಗವಾಗಿ ಡಬ್ಬಿ ತರಕಾರಿಯು ರಸಕ್ಕಿಂತ ಮೇಲು. ಮಧುಮೇಹವಿರುವವರು ರಸದ ವಿಷಯದಲ್ಲಿಯೂ, ರಕ್ತದೊತ್ತಡವಿರುವವರು ಡಬ್ಬಿಯ ಉಪ್ಪಿನ ವಿಷಯದಲ್ಲಿಯೂ ವೈದ್ಯರ ಸಲಹೆ ಪಡೆಯತಕ್ಕದ್ದು.

4. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

(ಅ) ಪೊಟ್ಟಣದ ಮುಂಭಾಗದ ಚಿತ್ರ ಮತ್ತು ಘೋಷಣೆಗಿಂತ ಪೌಷ್ಟಿಕಾಂಶಗಳ ಪಟ್ಟಿಯನ್ನು ಓದುವುದು. ರಸದಲ್ಲಿ ‘ಒಟ್ಟು ಸಕ್ಕರೆ’, ಡಬ್ಬಿಯಲ್ಲಿ ‘ಸೋಡಿಯಂ’ ಎಂಬ ಸಾಲುಗಳು ಮುಖ್ಯ. ‘ಸಕ್ಕರೆ ಸೇರಿಸಿಲ್ಲ’ ಎಂದ ಮಾತ್ರಕ್ಕೆ ಸಕ್ಕರೆ ಇಲ್ಲವೆಂದು ಅರ್ಥವಲ್ಲ.

(ಆ) ಸಾಂದ್ರೀಕೃತ ರಸದಿಂದ ಮರುತಯಾರಿಸಿದ್ದಲ್ಲಿ ಪದಾರ್ಥಗಳ ಪಟ್ಟಿಯಲ್ಲಿ ‘ರೀಕಾನ್‌ಸ್ಟಿಟ್ಯೂಟೆಡ್’ ಎಂಬ ಪದವಿರಬೇಕು. ಸೇರಿಸಿದ ಸಿಹಿಯು ಕಿಲೋಗೆ 15 ಗ್ರಾಂ ಮೀರಿದಲ್ಲಿ ‘ಸ್ವೀಟನ್ಡ್ ಜ್ಯೂಸ್’ ಎಂದು ನಮೂದಿಸಿರಬೇಕು.

(ಇ) ಉಬ್ಬಿದ, ಸೋರುವ ಅಥವಾ ಜಜ್ಜಿಹೋದ ಡಬ್ಬಿಯನ್ನು ಕೊಳ್ಳಬಾರದು. ಉಬ್ಬಿದ ಡಬ್ಬಿಯಲ್ಲಿ ಪ್ರಾಣಾಪಾಯಕಾರಿ ಬ್ಯಾಕ್ಟೀರಿಯಾಗಳು ಬೆಳೆದಿರುವ ಸಂಭವವಿರುತ್ತದೆ.

5. ದೂರು ಮತ್ತು ಪರೀಕ್ಷೆಗೆ ಅರ್ಜಿ

ಲೇಬಲ್ ತಪ್ಪು ದಾರಿಗೆಳೆಯುವಂತಿದ್ದಲ್ಲಿ, ಖರೀದಿ ರಸೀದಿ, ಲೇಬಲ್‌ನ ಭಾವಚಿತ್ರ ಮತ್ತು 14 ಅಂಕಿಗಳ ಪರವಾನಗಿ ಸಂಖ್ಯೆಯೊಂದಿಗೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಸಲ್ಲಿಸಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಪ್ರಕರಣದ ಮೇರೆಗೆ, ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಲು ಅವಕಾಶವಿದೆ. ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸುವುದು ಕಡ್ಡಾಯ. ಪದಾರ್ಥವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಶುಲ್ಕವನ್ನು ಹಿಂಪಡೆಯುವ ಹಕ್ಕು ಖರೀದಿದಾರರಿಗಿದೆ.

ಸಾರ್ವಜನಿಕರು ಈ ಅವಕಾಶದ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.