ರಸ್ತೆಯೆಂಬ ಮಿಶ್ರ ಬೆಳೆ ಮತ್ತು ಚಾಲಕರಹಿತ ಕಾರು

2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಚಾಲಕರಹಿತ ಕಾರೊಂದು ಸಂಚರಿಸಿತು. ಮಠಾಧೀಶರೊಬ್ಬರು ಅದರಲ್ಲಿ ಕುಳಿತು ಸಾಗಿದ ದೃಶ್ಯ ನಾಡಿನಾದ್ಯಂತ ಹರಿದಾಡಿತು. ಯಶವಂತಪುರಕ್ಕೆ ಹೊಂದಿಕೊಂಡಂತಿರುವ ಭಾರತೀಯ ವಿಜ್ಞಾನ ಸಂಸ್ಥೆ, ವಿಪ್ರೊ ಮತ್ತು ಆ ಕಾಲೇಜು ಕೂಡಿ ವರ್ಷಗಟ್ಟಲೆ ದುಡಿದು ರೂಪಿಸಿದ ಮಾದರಿಯದು. 2023ರಲ್ಲಿ ಮೈನಸ್ ಝೀರೊ ಎಂಬ ಬೆಂಗಳೂರಿನ ಸಣ್ಣ ಕಂಪನಿ ಸ್ಟಿಯರಿಂಗ್ ಚಕ್ರವೇ ಇಲ್ಲದ ಪುಟ್ಟ ವಾಹನವನ್ನು ಪ್ರದರ್ಶಿಸಿತ್ತು. ಈ ತರುಣ ಎಂಜಿನಿಯರುಗಳ ಜಾಣ್ಮೆಯ ಬಗ್ಗೆ ಯಾರಿಗೂ ಸಂದೇಹ ಬೇಡ. ಪ್ರಶ್ನೆ ಹುಟ್ಟುವುದು ಕಾಲೇಜಿನ ಗೇಟು ದಾಟಿದ ಮೇಲೆ.

ಹೊಲದಲ್ಲಿ ಚಾಲಕನಿಲ್ಲದ ಟ್ರ್ಯಾಕ್ಟರ್ ಸಾಧ್ಯವಾಗಿದೆ. ಜಾನ್ ಡಿಯರ್ ಕಂಪನಿ 2022ರಲ್ಲೇ ಅದನ್ನು ತೋರಿಸಿತು. ನೂರಾರು ಎಕರೆಯಲ್ಲಿ ಒಂದೇ ಬೆಳೆ, ನೇರ ಸಾಲು, ಅಡ್ಡ ಬರುವವರು ಯಾರೂ ಇಲ್ಲ. ಅಂಥ ಯಂತ್ರವನ್ನು ಮಲೆನಾಡಿನ ತೋಟಕ್ಕೆ ಇಳಿಸಿದರೆ ಅಡಿಕೆ, ಬಾಳೆ, ಕಾಳುಮೆಣಸಿನ ಬಳ್ಳಿ, ಬಸಿಗಾಲುವೆಗಳ ನಡುವೆ ಅದು ಕಂಗೆಟ್ಟು ನಿಲ್ಲುತ್ತದೆ. ಹೆಬ್ಬಾಳದ ರಸ್ತೆಯೂ ಇಂಥದೇ ಮಿಶ್ರ ಬೆಳೆ. ವಿಮಾನ ನಿಲ್ದಾಣಕ್ಕೆ ಧಾವಿಸುವ ಟ್ಯಾಕ್ಸಿ, ಬಿಎಂಟಿಸಿ ಬಸ್ಸು, ಆಟೊ, ಎದುರು ದಿಕ್ಕಿನಿಂದ ನುಗ್ಗುವ ಬೈಕು, ತಳ್ಳುಗಾಡಿ, ಮಗುವಿನ ಕೈಹಿಡಿದು ದಾಟುವ ತಾಯಿ ಎಲ್ಲರೂ ಅಲ್ಲಿದ್ದಾರೆ.

ಹೈದರಾಬಾದಿನ ಐಐಐಟಿಯವರು ತಮ್ಮ ನಗರದಲ್ಲೂ ಬೆಂಗಳೂರಿನಲ್ಲೂ ಕಾರಿಗೆ ಕ್ಯಾಮೆರಾ ಕಟ್ಟಿ ತೆಗೆದ 10,000 ಚಿತ್ರಗಳನ್ನು ವರ್ಗೀಕರಿಸಿ ಇಂಥ ಕಾರುಗಳಿಗೆ ಪಾಠ ಸಿದ್ಧಪಡಿಸಿದರು. ಅದರಲ್ಲಿ ಆಟೊರಿಕ್ಷಾಕ್ಕೆ, ಪ್ರಾಣಿಗಳಿಗೆ ಬೇರೆ ಬೇರೆ ವರ್ಗಗಳನ್ನು ಮಾಡಬೇಕಾಯಿತು. ಡಾಂಬರಿನ ಅಂಚು ಮುಗಿದ ಮೇಲೆ ಬರುವ ಮಣ್ಣಿನ ನೆಲಕ್ಕೂ ಒಂದು ಹೆಸರು ಬೇಕಾಯಿತು, ಏಕೆಂದರೆ ಇಲ್ಲಿ ಅದೂ ರಸ್ತೆಯೇ! ಇದು ಪ್ರಾಮಾಣಿಕ ವಿಜ್ಞಾನ. ಇರುವ ರಸ್ತೆಯನ್ನು ಯಂತ್ರ ಕಲಿಯಲಿ ಎನ್ನುವ ವಿನಯ ಇದರಲ್ಲಿದೆ.

ಆದರೆ ಮಾರುಕಟ್ಟೆಯ ದಾರಿ ಬೇರೆ. 2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಉಬರ್‌ನ ಪರೀಕ್ಷಾರ್ಥ ಕಾರು ಸೈಕಲ್ಲು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಆಕೆ ಅಸುನೀಗಿದರು. ಜನ ಗೆರೆಯಿಲ್ಲದ ಕಡೆಯೂ ರಸ್ತೆ ದಾಟುತ್ತಾರೆಂಬ ಎಣಿಕೆಯೇ ಆ ತಂತ್ರಾಂಶದಲ್ಲಿ ಇರಲಿಲ್ಲವೆಂದು ತನಿಖೆ ಕಂಡುಕೊಂಡಿತು. ಗೆರೆಯಲ್ಲಿ ಬೆಳೆಯದ್ದೆಲ್ಲ ಕಳೆ ಎನ್ನುವ ನೋಟವಿದು. 2023ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕ್ರೂಸ್ ಕಂಪನಿಯ ರೋಬೊಟ್ಯಾಕ್ಸಿ, ಬೇರೊಂದು ಕಾರು ಬಡಿದು ಬಿದ್ದ ಪಾದಚಾರಿಯನ್ನು ಕೆಲವು ಮೀಟರ್ ಎಳೆದೊಯ್ದಿತು. ಮರುವರ್ಷವೇ ಒಡೆಯನಾದ ಜನರಲ್ ಮೋಟಾರ್ಸ್ ಆ ಉದ್ಯಮದಿಂದ ಕೈತೊಳೆದುಕೊಂಡಿತು. ವೇಮೊ ಕಂಪನಿಯ ಟ್ಯಾಕ್ಸಿಗಳು ಮಾತ್ರ ಅಲ್ಲಿನ ಹಲವು ನಗರಗಳಲ್ಲಿ ಚಾಲಕರಿಲ್ಲದೆ ಓಡುತ್ತಿವೆ. ಅದನ್ನು ಒಪ್ಪಬೇಕು. ಇನ್ನು 2024ರ ಅಬುಧಾಬಿಯ ಚಾಲಕರಹಿತ ರೇಸಿನಲ್ಲಿ ಒಂದು ಕಾರು ಗಿರಕಿ ಹೊಡೆದದ್ದೇ ತಡ, ಹಿಂದಿನವು ನಿಯಮ ಪಾಲಿಸುತ್ತ ಸುಮ್ಮನೆ ನಿಂತುಬಿಟ್ಟವು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬೆಳಗಿನ ಒಂಬತ್ತಕ್ಕೆ ಹೀಗಾದರೆ?

ಯಂತ್ರಕ್ಕೆ ರಸ್ತೆ ಅರ್ಥವಾಗದಿದ್ದಾಗ ರಸ್ತೆಯನ್ನೇ ಬದಲಿಸಿ ಎಂಬ ಒತ್ತಾಯ ಏಳುತ್ತದೆ. ಉತ್ತರ ಬೆಂಗಳೂರಿಗೆ ಕಾರಿಗಾಗಿ ನಗರವನ್ನು ತಿದ್ದುವ ಹಟ ಹೊಸದಲ್ಲ. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಸೇತುವೆಗಾಗಿ 812 ಮರಗಳನ್ನು ಉರುಳಿಸಲು ಹೊರಟಾಗ 2016ರ ಅಕ್ಟೋಬರ್ 16ರಂದು ಜನ ಮಾನವ ಸರಪಳಿ ಕಟ್ಟಿ ನಿಂತರು. ಮರುವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಅದಾದ ಮೇಲೆ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗದ ಯೋಜನೆ ಬಂತು. ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ್ದು. ಬೈಕಿನವನಿಗೆ ಅಲ್ಲಿ ಜಾಗವಿಲ್ಲ. ಗೆರೆ, ಬೆಳಕು, ಒಂದೇ ಜಾತಿಯ ವಾಹನಗಳಿರುವ ಇಂಥ ಸುರಂಗಕ್ಕಿಂತ ಚಾಲಕರಹಿತ ಕಾರಿಗೆ ಒಪ್ಪುವ ಏಕಬೆಳೆಯ ಹೊಲ ಇನ್ನೊಂದಿಲ್ಲ.

ಚಾಲಕನಿಲ್ಲದಿದ್ದರೂ ಕಾರು ಕಾರೇ. ಅದು ಹಿಡಿಯುವ ಜಾಗ ಒಂದಂಗುಲವೂ ಕುಗ್ಗುವುದಿಲ್ಲ. ಇಳಿಸಿ ಬಂದ ಟ್ಯಾಕ್ಸಿ ಮುಂದಿನ ಕರೆಗಾಗಿ ಖಾಲಿಯೇ ಸುತ್ತುತ್ತದೆ. ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2023ರಲ್ಲಿ, 70-80 ಲಕ್ಷ ಚಾಲಕರ ಅನ್ನ ಹೋಗುತ್ತದೆ, ತಾವಿರುವವರೆಗೆ ಇದಕ್ಕೆ ಅವಕಾಶವಿಲ್ಲ ಎಂದರು. ಯಲಹಂಕದಲ್ಲಿ ಬಾಡಿಗೆಗಾಗಿ ಕಾದು ನಿಲ್ಲುವ ಟ್ಯಾಕ್ಸಿ ಚಾಲಕರಿಗೆ ಇದು ಸಮಾಧಾನದ ಮಾತು. ಆದರೆ ಸಚಿವರ ಮಾತು ಕಾನೂನಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 2ಬಿ ಕಲಮು ಸಂಶೋಧನೆ ಮತ್ತು ಪರೀಕ್ಷೆಗೆ ವಿನಾಯಿತಿ ನೀಡಲು ಬಾಗಿಲು ತೆರೆದೇ ಇಟ್ಟಿದೆ.

ಚಾಲಕರಹಿತ ತಂತ್ರಜ್ಞಾನಕ್ಕೆ ಯೋಗ್ಯವಾದ ಸ್ಥಳ ನಗರದಲ್ಲಿ ಇಲ್ಲವೆಂದಲ್ಲ. 2025ರ ಆಗಸ್ಟ್‌ನಲ್ಲಿ ಆರಂಭವಾದ ನಮ್ಮ ಮೆಟ್ರೊದ ಹಳದಿ ಮಾರ್ಗದ ರೈಲುಗಳು ಚಾಲಕರಿಲ್ಲದೆಯೂ ಓಡಬಲ್ಲವು. ಅವುಗಳ ಹಳಿಗೆ ಬೇರೆ ಯಾರೂ ಬರುವುದಿಲ್ಲ, ಒಂದೊಂದರಲ್ಲೂ ನೂರಾರು ಜನ ಸಾಗುತ್ತಾರೆ. ಆದರೆ ಯಶವಂತಪುರ, ಹೆಬ್ಬಾಳ, ಯಲಹಂಕಗಳನ್ನು ಬೆಸೆಯಬೇಕಾದ, 2022ರಲ್ಲಿ ಶಂಕುಸ್ಥಾಪನೆಗೊಂಡ 148 ಕಿ.ಮೀ. ಉಪನಗರ ರೈಲು 2025 ಮುಗಿದರೂ ಹಳಿಗಿಳಿಯಲಿಲ್ಲ.

ಹೀಗಿರುವಾಗ, ನಾಳೆ ಯಾವುದೇ ಕಂಪನಿ ಈ ರಸ್ತೆಗಳಲ್ಲಿ ಪರೀಕ್ಷೆಗೆ ಅನುಮತಿ ಕೇಳಿದರೆ ಸರ್ಕಾರ ಮೂರು ಷರತ್ತು ಹಾಕಬೇಕು. ಪಾದಚಾರಿಗೆ ಬೇಲಿ ಹಾಕಿ ಎಂದು ಕಂಪನಿ ಕೇಳಕೂಡದು. ಪ್ರತಿ ಅಪಘಾತದ ದಾಖಲೆ ಸಾರ್ವಜನಿಕರ ಕೈಗೆ ಸಿಗಬೇಕು. ಖಾಲಿ ಓಡಿದ ಪ್ರತಿ ಕಿಲೋಮೀಟರಿಗೂ ಶುಲ್ಕ ತೆರಬೇಕು, ಆ ಹಣ ಬಿಎಂಟಿಸಿ ಬಸ್ಸುಗಳಿಗೆ ಸೇರಬೇಕು.